‘ಗೊರಾ’ ಬೆಟ್ಟವೋ, ಕಾಡೋ?

ಪ್ರಶ್ನೆ: ಮಾಂಟೆನೆಗ್ರೊ ದೇಶವನ್ನು ಅಲ್ಲಿನವರು ‘ತ್ಸ್ರ್‌ನಾ ಗೊರಾ’ ಎನ್ನುತ್ತಾರೆ, ಅಂದರೆ ಕರಿಬೆಟ್ಟ ಎಂದು ಓದಿದ್ದೆ. ಬಲ್ಗೇರಿಯಾದ ನನ್ನ ಸಹೋದ್ಯೋಗಿ ಮಾತ್ರ ತಮ್ಮ ಭಾಷೆಯಲ್ಲಿ ಗೊರಾ ಅಂದರೆ ಕಾಡು ಎನ್ನುತ್ತಾರೆ. ಯಾವುದು ಸರಿ? ನಮ್ಮ ‘ಗಿರಿ’ಗೂ ಇದಕ್ಕೂ ನಂಟಿದೆಯೇ?

ಉತ್ತರ: ಎರಡೂ ಸರಿ, ನಂಟೂ ಇದೆ. ಆದರೆ ‘ಗಿರಿ’ ನಾವು ಸಂಸ್ಕೃತದಿಂದ ಪಡೆದದ್ದು, ಹಾಗಾಗಿ ಗೊರಾದ ನೆಂಟಸ್ತಿಕೆ ಇರುವುದು ಸಂಸ್ಕೃತದ ಜೊತೆ.

ಗೊರಾ ಇರುವ ಸ್ಲಾವಿಕ್ ಭಾಷೆಗಳ (ಬಲ್ಗೇರಿಯನ್, ರಷ್ಯನ್, ಪೋಲಿಷ್, ಜೆಕ್ ಮೊದಲಾದವು ಸೇರಿದ ಕುಟುಂಬ) ಬರಹ ಸಿಗುವುದು 9ನೇ ಶತಮಾನದಿಂದ ಈಚೆಗೆ. ಅದಕ್ಕೂ ಹಿಂದಿನ ಮೂಲ ಸ್ಲಾವಿಕ್ ರೂಪವನ್ನು ಮಗಳು ಭಾಷೆಗಳನ್ನು ಹೋಲಿಸಿಯೇ ಕಟ್ಟಬೇಕು. ಹಾಗೆ ಕಟ್ಟಿದ್ದೆಂದು ತಿಳಿಸಲು ಪದದ ಮುಂದೆ ನಕ್ಷತ್ರ ಹಾಕುತ್ತಾರೆ: *ಗೊರಾ. ರಷ್ಯನ್ನಿನಲ್ಲಿ ಅದು ‘ಗರಾ’ ಎಂದು ಕೇಳಿಸುತ್ತದೆ, ಪೋಲಿಷ್‌ನಲ್ಲಿ ‘ಗುರಾ’. ಜೆಕ್‌ನಲ್ಲಿ ಗಕಾರ ಹಕಾರವಾಗಿ (ನಮ್ಮ ‘ಪಾಲು’ ‘ಹಾಲು’ ಆದಂತೆ ಇದೂ ಒಂದು ಕ್ರಮಬದ್ಧ ಬದಲಾವಣೆ) ‘ಹೊರಾ’. ಇವುಗಳಲ್ಲೆಲ್ಲ ಅರ್ಥ ಬೆಟ್ಟವೇ. ಸಂಸ್ಕೃತದ ಗಿರಿ, ಪ್ರಾಚೀನ ಇರಾನಿನ ಧರ್ಮಗ್ರಂಥ ಅವೆಸ್ತಾದ ಗೈರಿ ಕೂಡ ಬೆಟ್ಟವೇ ಆದ್ದರಿಂದ ಹಳೆಯ ಅರ್ಥ ಅದೇ ಎನ್ನಬಹುದು.

ಕಾಡು ಬಂದದ್ದು ಹೇಗೆ? ಬಯಲನ್ನು ಕಡಿದು ಉತ್ತ ಮೇಲೆ ಮರ ಉಳಿಯುವುದು ಇಳಿಜಾರಿನಲ್ಲಿ. ಬೆಟ್ಟಕ್ಕೆ ಹೋಗುವುದೆಂದರೆ ಕಾಡಿಗೆ ಹೋಗುವುದೇ. ಬಲ್ಗೇರಿಯನ್ನರು ಬೆಟ್ಟಕ್ಕೆ ‘ಪ್ಲಾನಿನಾ’ ಎಂಬ ಬೇರೆ ಪದ ಹಿಡಿದರು, ಗೊರಾ ಕಾಡಿನ ಪಾಲಾಯಿತು. ಆದರೂ ಅವರದೇ ‘ಸ್ರೆದ್ನಾ ಗೊರಾ’ ಒಂದು ಪರ್ವತಸಾಲಿನ ಹೆಸರು. ಇದನ್ನು ನಿಮ್ಮ ಸಹೋದ್ಯೋಗಿಗೆ ನೆನಪಿಸಿ! ಅತ್ತ ಬಾಲ್ಟಿಕ್ ಕಡೆ, ಲಿಥುವೇನಿಯನ್‌ನ ‘ಗಿರ್ಯಾ’ ನಮ್ಮ ಗಿರಿಯಂತೆಯೇ ಕೇಳಿಸಿದರೂ ಅರ್ಥ ಕಾಡು.

ನಮಗೇನೂ ಇದು ವಿಚಿತ್ರವಲ್ಲ. ದ್ರಾವಿಡದ ‘ಮಲೆ’ಯನ್ನೇ ನೋಡಿ: ಕನ್ನಡದಲ್ಲಿ ಬೆಟ್ಟವೂ ಹೌದು, ಕಾಡೂ ಹೌದು, ತುಳುವಿನಲ್ಲಿ ಕಾಡು ತುಂಬಿದ ಗುಡ್ಡ. ಮಲೆನಾಡು ಅಂದಾಗ ನಾವು ಎರಡನ್ನೂ ಬೇರೆ ಮಾಡಿ ಯೋಚಿಸುವುದಿಲ್ಲ.

ಇನ್ನೊಂದು ಕವಲು ನೆಲದೊಳಕ್ಕೆ ಇಳಿದಿದೆ. ಗಣಿ ಕಾರ್ಮಿಕನಿಗೆ ಪೋಲಿಷ್‌ನಲ್ಲಿ ‘ಗುರ್ನಿಕ್’, ಜೆಕ್‌ನಲ್ಲಿ ‘ಹೊರ್ನೀಕ್’. ಬೆಳ್ಳಿ ಗಣಿಗಳಿಂದ ಬೆಳೆದ ಜೆಕ್ ಊರು ಕುಟ್ನಾ ಹೊರಾದ ಹೆಸರಿನಲ್ಲಿರುವುದೂ ಇದೇ ಪದ.