‘ಸ್ಕ್ಯಾನ್ ನಾರ್ಮಲ್ ಇದೆ, ಮತ್ತೆ ಕಾಯಿಲೆ ಎಲ್ಲಿಂದ ಬಂತು ಡಾಕ್ಟ್ರೇ?’

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ವಯಸ್ಸು ಬೇರೆ, ಕೇಳಿರುವುದು ಮಾತ್ರ ಅದೇ. ಹಾಗಾಗಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗನಿಗೆ 19 ವರ್ಷ. ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಕಾಂ. ಓದುತ್ತಿದ್ದ. ಎಂಟು ತಿಂಗಳಿಂದ ಯಾರ ಜೊತೆಗೂ ಸೇರುವುದಿಲ್ಲ, ರಾತ್ರಿ ನಿದ್ದೆ ಇಲ್ಲ. ಪಕ್ಕದ ರೂಮಿನವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುತ್ತಾನೆ. ಡಾಕ್ಟರು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮಾನಸಿಕ ಕಾಯಿಲೆ) ಶುರುವಾಗಿದೆ ಅಂತ ಮಾತ್ರೆ ಬರೆದರು. ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ನಾವೇ ಎಂಆರ್‌ಐ ಮಾಡಿಸಿದೆವು. ರಿಪೋರ್ಟ್ ನಾರ್ಮಲ್. ‘ಮೆದುಳಲ್ಲಿ ಏನೂ ಇಲ್ಲ ಅಂದ್ಮೇಲೆ ಇದು ಗಾಳಿ ಸೋಕಿದ್ದೇ’ ಅಂತಾರೆ ನೆಂಟರು. ಮಾತ್ರೆ ನಿಲ್ಲಿಸಿ ಮೂರು ವಾರವಾಯಿತು. ಏನು ಮಾಡಲಿ? (ಜಗಳೂರು ತಾಲ್ಲೂಕಿನ ಓದುಗರು)

ಮೊದಲು ಮಾತ್ರೆ ವಿಷಯ. ನಾಳೆಯೇ ಅದೇ ಡಾಕ್ಟರ ಹತ್ತಿರ ಹೋಗಿ. ಮೂರು ವಾರ ಬಿಟ್ಟಿದ್ದನ್ನು ಮುಚ್ಚಿಡಬೇಡಿ. ಎಷ್ಟು ಡೋಸ್‌ನಿಂದ ಮತ್ತೆ ಶುರು ಮಾಡಬೇಕು ಅಂತ ಅವರೇ ಹೇಳಲಿ.

ಈಗ ಸ್ಕ್ಯಾನ್ ವಿಷಯ. ‘ನಾರ್ಮಲ್’ ಅಂದರೆ ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ, ಪಾರ್ಶ್ವವಾಯುವಿನ ಗುರುತಿಲ್ಲ ಅಂತ. ಅಷ್ಟೇ. ಕಾಯಿಲೆ ಇಲ್ಲ ಅಂತ ಅಲ್ಲ. ಸ್ಕಿಜೋಫ್ರೇನಿಯಾವನ್ನು ಹೌದು ಅಥವಾ ಇಲ್ಲ ಅಂತ ಹೇಳುವ ಸ್ಕ್ಯಾನ್ ದಾವಣಗೆರೆಯಲ್ಲೂ ಇಲ್ಲ, ಬೆಂಗಳೂರಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ.

ಹಾಗಂತ ಈ ಕಾಯಿಲೆಯಲ್ಲಿ ಮೆದುಳು ಬದಲಾಗುವುದೇ ಇಲ್ಲ ಅನ್ನುವುದೂ ಸುಳ್ಳು. 1976ರಲ್ಲಿ ಲಂಡನ್ನಿನಲ್ಲಿ ಈವ್ ಜಾನ್‌ಸ್ಟೋನ್ ಮತ್ತು ಸಂಗಡಿಗರು, ಆಗಷ್ಟೇ ಬಂದಿದ್ದ ಸಿಟಿ ಸ್ಕ್ಯಾನ್‌ನಲ್ಲಿ, ತುಂಬಾ ವರ್ಷಗಳಿಂದ ಈ ಕಾಯಿಲೆಯಿದ್ದವರ ಮೆದುಳು ನೋಡಿದರು. ಮೆದುಳಿನ ನಡುವೆ ನೀರು ತುಂಬಿರುವ ಪೊಳ್ಳುಗಳಿರುತ್ತವೆ. ಅವು ಈ ರೋಗಿಗಳಲ್ಲಿ ದೊಡ್ಡದಾಗಿದ್ದವು. ಆಮೇಲೆ ಎಂಆರ್‌ಐ ಬಂತು. ಕಾಯಿಲೆ ಮೊದಲ ಸಲ ಕಾಣಿಸಿಕೊಂಡ ಹುಡುಗ ಹುಡುಗಿಯರನ್ನೂ ಅಳೆದು ನೋಡಿದರು. ಅವರಲ್ಲೂ ಮೆದುಳಿನ ಒಟ್ಟು ಗಾತ್ರ ಸರಾಸರಿ ಶೇ 2ರಿಂದ 3ರಷ್ಟು ಕಡಿಮೆ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಸ್ವಲ್ಪ ಚಿಕ್ಕದು. ಹಣೆಯ ಹಿಂದೆ ಮತ್ತು ಕಿವಿಯ ಪಕ್ಕ ಮೆದುಳಿನ ಹೊರಪದರ ತುಸು ತೆಳ್ಳಗೆ.

ಇಲ್ಲಿ ‘ಸರಾಸರಿ’ ಅನ್ನುವ ಪದ ಬಿಡಬೇಡಿ. ನೀವು ಮೆಕ್ಕೆಜೋಳ ಬೆಳೆಯುವವರು. ಎರಡು ಹೊಲದ ಸಾವಿರ ಸಾವಿರ ತೆನೆ ತೂಗಿದರೆ, ಒಂದು ಹೊಲದ ತೆನೆ ಸರಾಸರಿ ಸ್ವಲ್ಪ ಹಗುರ ಅಂತ ಗೊತ್ತಾಗಬಹುದು. ಆದರೆ ಒಂದೇ ಒಂದು ತೆನೆ ಕೈಗೆ ಕೊಟ್ಟು, ಇದು ಯಾವ ಹೊಲದ್ದು ಹೇಳಿ ಅಂದರೆ? ಹೇಳೋಕಾಗಲ್ಲ ಅಲ್ವಾ? ಆರೋಗ್ಯವಾಗಿರುವ ಇಬ್ಬರ ಮೆದುಳಿನ ಗಾತ್ರದಲ್ಲೇ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರುವುದು ಮಾಮೂಲು. ಅದರ ನಡುವೆ ಶೇ 2ರ ವ್ಯತ್ಯಾಸ ಎಲ್ಲಿ ಕಾಣುತ್ತದೆ? ನಿಮ್ಮ ಮಗನ ಫಿಲ್ಮ್ ಅಂಥ ಒಂದೇ ತೆನೆ.

ಇನ್ನೊಂದು ಕಾರಣ ಇದೆ. ನಿಜವಾದ ಬದಲಾವಣೆ ನಡೆಯುವ ಜಾಗ ತುಂಬಾ ಸಣ್ಣದು. ನರಕೋಶಗಳು ಒಂದಕ್ಕೊಂದು ಸೇರುವ ಕೊಂಡಿಗಳು ಒಂದು ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲಿನಷ್ಟು ಇರುತ್ತವೆ. ಆಸ್ಪತ್ರೆಯ ಎಂಆರ್‌ಐ ಕಣ್ಣಿಗೆ ಸುಮಾರು ಒಂದು ಮಿಲಿಮೀಟರ್‌ಗಿಂತ ಸಣ್ಣದು ಬೀಳುವುದಿಲ್ಲ. ಹದಿಹರೆಯದಲ್ಲಿ ಎಲ್ಲರ ಮೆದುಳೂ ಬೇಡದ ಕೊಂಡಿಗಳನ್ನು ತೆಗೆದುಹಾಕುತ್ತದೆ. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಗಿಡದ ರೆಂಬೆ ಸವರುತ್ತಾರಲ್ಲ, ಹಾಗೆ. ಹದವಾಗಿ ಸವರಿದರೆ ಗಿಡಕ್ಕೆ ಒಳ್ಳೆಯದು. ಈ ಕಾಯಿಲೆ ಬರುವವರಲ್ಲಿ ಸವರುವುದು ಅತಿಯಾಗುತ್ತದೆ ಅನ್ನುವುದು ಬಹಳ ದಿನದ ಊಹೆ. 2016ರಲ್ಲಿ ಕೊಂಡಿ ಸವರುವುದರಲ್ಲಿ ಕೈಯಾಡಿಸುವ ಸಿ4 ಅನ್ನುವ ಜೀನ್ ಮೇಲೆ ನಡೆದ ಅಧ್ಯಯನ ಅದಕ್ಕೆ ಬಲ ಕೊಟ್ಟಿತು. ಅದೊಂದೇ ಕಾರಣ ಅಲ್ಲ. ಆದರೆ ಕಾಯಿಲೆ ಹೆಚ್ಚಾಗಿ 16ರಿಂದ 30ರ ನಡುವೆ ಯಾಕೆ ಶುರುವಾಗುತ್ತದೆ ಅನ್ನುವುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ನಿಮ್ಮ ಹುಡುಗನಿಗೆ 19. ನೆಂಟರಿಗೆ ಇದನ್ನು ಹೇಳಿ.

ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ‘ಸ್ಕ್ಯಾನ್ ನಾರ್ಮಲ್ ಇದೆಯಮ್ಮ, ಹೆದರಬೇಡಿ’ ಅಂತ ಒಬ್ಬ ತಾಯಿಗೆ ಹೇಳಿ ಕಳಿಸಿದ್ದೆ. ಆಕೆಗೆ ಕೇಳಿಸಿದ್ದು ‘ಕಾಯಿಲೆ ಇಲ್ಲ’ ಅಂತ. ಮಗಳನ್ನು ಮತ್ತೆ ಕರೆತಂದಿದ್ದು ಒಂದೂವರೆ ವರ್ಷದ ಮೇಲೆ. ಆ ಹುಡುಗಿಯ ಕಾಲಲ್ಲಿ ಸರಪಳಿಯ ಗಾಯ ಇತ್ತು. ಆವತ್ತಿನಿಂದ ‘ನಾರ್ಮಲ್’ ಅನ್ನುವ ಪದವನ್ನು ನಾನು ಒಂಟಿಯಾಗಿ ಬಳಸುವುದಿಲ್ಲ.

ಹಾಗಾದರೆ ಸ್ಕ್ಯಾನ್ ಬೇಡವೇ ಬೇಡವಾ? ಕೆಲವರಿಗೆ ಬೇಕು. ಜೊತೆಗೆ ಜ್ವರ ಅಥವಾ ಫಿಟ್ಸ್ ಬಂದಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಒಂದು ಕಡೆ ಕೈಕಾಲು ಸೋತಿದ್ದರೆ, ಕೆಲವೇ ದಿನಗಳಲ್ಲಿ ದಿಕ್ಕುದೆಸೆ ತಪ್ಪಿ ಗೊಂದಲವಾಗಿದ್ದರೆ, 40 ದಾಟಿದ ಮೇಲೆ ಮೊದಲ ಸಲ ಹೀಗಾಗಿದ್ದರೆ ಖಂಡಿತ ಮಾಡಿಸಬೇಕು. ಅದನ್ನು ಡಾಕ್ಟರು ಹೇಳುತ್ತಾರೆ. ನೀವಾಗಿ ಹೋಗಿ ಬೆಳೆಯ ದುಡ್ಡು ಸುರಿಯಬೇಡಿ.

ಮುಂದಿನ ಸಲ ಹೋಗುವಾಗ ಫಿಲ್ಮ್ ಮನೆಯಲ್ಲೇ ಇರಲಿ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ತಿಂಗಳು ಸ್ನೇಹಿತರನ್ನು ಬಿಟ್ಟ, ಯಾವಾಗ ಮಾರ್ಕ್ಸ್ ಇಳಿಯಿತು, ಸ್ನಾನ ಯಾವಾಗ ಬಿಟ್ಟ, ಒಬ್ಬನೇ ಮಾತಾಡಿದ್ದು ಯಾವಾಗ, ಗಾಂಜಾ ಸೇದಿದ್ದನಾ. ಸುಮ್ನೆ ನೆನಪಾದ ಹಾಗೆ ಬರೆಯಿರಿ. ನಮಗೆ ಕಾಯಿಲೆ ಕಾಣುವುದು ಆ ಹಾಳೆಯಲ್ಲಿ. ಚಿಕಿತ್ಸೆಯಿಲ್ಲದೆ ಕಳೆದ ತಿಂಗಳು ಹೆಚ್ಚಾದಷ್ಟೂ ಚೇತರಿಕೆ ಕಷ್ಟ. ಎಂಟು ತಿಂಗಳು ಆಗಲೇ ಹೋಗಿದೆ, ಇನ್ನು ಒಂದು ವಾರವೂ ಹೋಗಬಾರದು.

ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ಗಾಳಿ ಬಿಡಿಸುತ್ತೇನೆ ಅಂತ ಬೇವಿನ ಬರಲಲ್ಲಿ ಹೊಡೆಯುವವನ ಕೈಗೆ ಮಗನನ್ನು ಕೊಡಬೇಡಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಹಾಕುವುದು ನಿಷಿದ್ಧ.

ಪ್ರಶ್ನೆ: ಈ ಮಾತ್ರೆಗಳಿಂದಲೇ ಮೆದುಳು ಕುಗ್ಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ತಂಗಿಗೆ ನಿಲ್ಲಿಸೋಣವೇ? (ಚಳ್ಳಕೆರೆ)

ನಿಲ್ಲಿಸಬೇಡಿ. ಜಾಸ್ತಿ ಡೋಸ್ ತೆಗೆದುಕೊಂಡವರಲ್ಲಿ ಮೆದುಳಿನ ಗಾತ್ರ ತುಸು ಹೆಚ್ಚು ಇಳಿದದ್ದನ್ನು 2011ರಲ್ಲಿ ಅಮೆರಿಕದ ಅಯೋವಾದ ವೈದ್ಯರು ವರದಿ ಮಾಡಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ನಾನು ಪರಿಣಾಮ ಕೊಡುವ ಅತಿ ಕಡಿಮೆ ಡೋಸ್ ಹುಡುಕುತ್ತೇನೆ. ಆದರೆ ವಾಟ್ಸಾಪ್‌ನವರು ಹೇಳದ ಲೆಕ್ಕ ಒಂದಿದೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2012ರಲ್ಲಿ ನೋಡಿದಾಗ, ಔಷಧಿ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ 27 ಜನರಿಗೆ. ನಿಲ್ಲಿಸಿದವರಲ್ಲಿ ಶೇ 64 ಜನರಿಗೆ. ಡೋಸ್ ಇಳಿಸುವ ಮಾತನ್ನು ತಂಗಿಯ ಡಾಕ್ಟರ ಎದುರು ಕೂತು ಆಡಿ.

ಪ್ರಶ್ನೆ: ಮದುವೆ ಮಾಡಿದರೆ ಸರಿಹೋಗುತ್ತಾ? (ಹರಿಹರ, ಹೊಳಲ್ಕೆರೆ, ಚನ್ನಗಿರಿ)

ಇಲ್ಲ. ಮುಚ್ಚಿಟ್ಟು ಮದುವೆ ಮಾಡಿದರೆ ಇನ್ನೊಂದು ಮನೆಯೂ ಹಾಳು.

ಪ್ರಶ್ನೆ: ಬ್ರೈನ್ ಟಾನಿಕ್ ಕೊಡಬಹುದಾ? (ದಾವಣಗೆರೆ)

ಆ ದುಡ್ಡಿಗೆ ಮೊಟ್ಟೆ, ಹಣ್ಣು ತಂದುಕೊಡಿ.

ಪ್ರಶ್ನೆ: ಇದು ಒಬ್ಬರೊಳಗೆ ಇಬ್ಬರು ಇರುವ ಕಾಯಿಲೆ ಅಲ್ವಾ? (ಚಿತ್ರದುರ್ಗ)

ಅಲ್ಲ. ಅದು ಸಿನಿಮಾದವರ ಮಾತು.

ಪ್ರಶ್ನೆ: ಹುಡುಗ ಆಸ್ಪತ್ರೆಗೆ ಬರಲು ಒಪ್ಪುವುದೇ ಇಲ್ಲ. (ಹೊನ್ನಾಳಿ)

14416ಕ್ಕೆ ನೀವೇ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನ ಹತ್ತಿರ ‘ನಿನಗೆ ತಲೆ ಕೆಟ್ಟಿದೆ’ ಅನ್ನಬೇಡಿ. ‘ನಿದ್ದೆ ಬರ್ತಿಲ್ಲ ಅಲ್ವಾ, ಅದಕ್ಕೆ ತೋರಿಸೋಣ’ ಅನ್ನಿ. ನಿದ್ದೆ ಬರದಿರುವುದು ನಿಜ, ಅವನಿಗೂ ಅದರ ಕಷ್ಟ ಇದೆ. ಬರುತ್ತಾನೆ.