ಓದುಗರ ಪ್ರಶ್ನೆ: ಯಾವ ಶಿವರಾಮ? ಯಾವ ಯು.ಆರ್.?

ಈ ಸಲದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು. ಹೆಸರು ಒಂದೇ, ಆದರೆ ಜನ ಬೇರೆ ಬೇರೆ. ಮಂಗಳೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳು ನಾನು. ಒಂದು ಹೆಸರು ಇನ್ನೊಂದರ ಜೊತೆ ಬೆರೆಯದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ನಮ್ಮ ಶಾಲೆಯ ಕ್ವಿಜ್‌ನಲ್ಲಿ "ಉಡುಪಿಯ ಯು.ಆರ್. ಯಾರು?" ಅಂತ ಕೇಳಿದೆವು. ಒಬ್ಬ ಹುಡುಗ ಅನಂತಮೂರ್ತಿ ಅಂದ. ಒಬ್ಬಳು ವಿಜ್ಞಾನಿ ರಾವ್ ಅಂದಳು. ಯಾರಿಗೆ ಅಂಕ ಕೊಡಬೇಕಿತ್ತು ಮೇಡಂ? ಅವರಿಬ್ಬರೂ ಸಂಬಂಧಿಕರಾ? – ಒಬ್ಬ ಶಿಕ್ಷಕರು, ಬ್ರಹ್ಮಾವರ

ಇಬ್ಬರಿಗೂ ಕೊಡಿ ಸರ್. ತಪ್ಪಿದ್ದು ಪ್ರಶ್ನೆ, ಮಕ್ಕಳಲ್ಲ.

ಯು.ಆರ್. ಅನಂತಮೂರ್ತಿ ಅಂದರೆ ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ. ಯು.ಆರ್. ರಾವ್ ಅಂದರೆ ಉಡುಪಿ ರಾಮಚಂದ್ರ ರಾವ್. ಇಬ್ಬರೂ ಹುಟ್ಟಿದ್ದು 1932ರಲ್ಲಿ. ರಾವ್ ಮಾರ್ಚ್‌ನಲ್ಲಿ, ಅನಂತಮೂರ್ತಿ ಡಿಸೆಂಬರ್‌ನಲ್ಲಿ. ಎರಡು ಅಕ್ಷರ ಒಂದೇ, ಊರ ಹೆಸರು ಒಂದೇ, ವರ್ಷವೂ ಒಂದೇ. ಮಕ್ಕಳಿಗೆ ಗೊಂದಲ ಆಗದೆ ಇರುತ್ತದಾ?

ಆದರೆ ಆ ಎರಡು ಅಕ್ಷರಗಳನ್ನು ಬಿಡಿಸಿ ನೋಡಿ. ಅನಂತಮೂರ್ತಿಯವರ "ಆರ್" ಅವರ ತಂದೆಯ ಹೆಸರು. ರಾವ್ ಅವರ "ಆರ್" ಅವರದೇ ಹೆಸರು. ರಾವ್ ಹುಟ್ಟಿದ್ದು ಇಲ್ಲೇ ಅದಮಾರಿನಲ್ಲಿ. ಅನಂತಮೂರ್ತಿ ಹುಟ್ಟಿದ್ದು ಘಟ್ಟದ ಮೇಲೆ, ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ. ಒಬ್ಬರಿಗೆ 1994ರ ಜ್ಞಾನಪೀಠ ಬಂತು. ಇನ್ನೊಬ್ಬರು 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು.

ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡಕ್ಕೆ ರಾವ್ ಅವರೇ ಮುಖ್ಯಸ್ಥರು. ಅದು ಮೇಲೆ ಹೋದದ್ದು 1975ರ ಏಪ್ರಿಲ್ 19ರಂದು, ಸೋವಿಯತ್ ನೆಲದಿಂದ. ಹಳೆಯ ಎರಡು ರೂಪಾಯಿ ನೋಟು ಮನೆಯಲ್ಲಿದ್ದರೆ ತಿರುಗಿಸಿ ನೋಡಿ. ಅದರ ಹಿಂದೆ ಇದ್ದದ್ದು ಅದೇ ಉಪಗ್ರಹದ ಚಿತ್ರ. ನನ್ನ ಪುಸ್ತಕದೊಳಗೆ ಒಂದು ನೋಟು ಈಗಲೂ ಉಂಟು. ಉಪಗ್ರಹದ ಹೆಸರೂ ಎರವಲು ತಂದದ್ದೇ ಅಲ್ವಾ? ಕ್ರಿ.ಶ. 476ರಲ್ಲಿ ಹುಟ್ಟಿದ ಗಣಿತಜ್ಞನದು. ಅದೇ ಹೆಸರಿನ ಇನ್ನೊಬ್ಬ ಗಣಿತಜ್ಞ ಹತ್ತನೇ ಶತಮಾನದಲ್ಲಿ ಆಗಿಹೋಗಿದ್ದಾನೆ.

ಮುಂದಿನ ಕ್ವಿಜ್‌ಗೆ ಒಂದು ಪ್ರಶ್ನೆ ಕೊಡುತ್ತೇನೆ: ರಾಮಚಂದ್ರ ರಾವ್ ಎಂಬ ಹೆಸರಿನ ಇನ್ನೊಬ್ಬ ದೊಡ್ಡ ವಿಜ್ಞಾನಿ ಯಾರು? ಉತ್ತರ, ರಸಾಯನಶಾಸ್ತ್ರದ ಸಿ.ಎನ್.ಆರ್. ರಾವ್. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. 2014ರಲ್ಲಿ ಭಾರತರತ್ನ ಪಡೆದವರು.

ಅಕ್ಕಾ, ಶಿವರಾಮ ಕಾರಂತರು ಕೊರವಂಜಿ ಪತ್ರಿಕೆ ನಡೆಸಿದ್ದರಾ? ನಮ್ಮ ಮನೆಯಲ್ಲಿ ಇದರ ಬಗ್ಗೆ ದೊಡ್ಡ ವಾದವೇ ಆಯಿತು. – ಓದುಗರು, ಕೋಟೇಶ್ವರ

ಇಲ್ಲ. ಅದು ಡಾ. ಎಂ. ಶಿವರಾಂ. ಬೆಂಗಳೂರಿನ ವೈದ್ಯರು, "ರಾಶಿ" ಅಂತ ಬರೆಯುತ್ತಿದ್ದರು. 1942ರಲ್ಲಿ ಕೊರವಂಜಿ ಶುರು ಮಾಡಿದವರು ಅವರು. ಆರ್.ಕೆ. ಲಕ್ಷ್ಮಣ್ ಅದರಲ್ಲಿ ಚಿತ್ರ ಬರೆದಿದ್ದರು.

ಈ ಗೊಂದಲ ನನಗೆ ತುಂಬ ಹತ್ತಿರದ್ದು. ಕಂಪ್ಯೂಟರ್ ಬರುವ ಮೊದಲು ಲೈಬ್ರರಿಯಲ್ಲಿ ಕಾರ್ಡ್ ಕ್ಯಾಟಲಾಗ್ ಇತ್ತು. ಮರದ ಸಣ್ಣ ಸಣ್ಣ ಡ್ರಾಯರ್, ಪ್ರತಿ ಕಾರ್ಡಿನ ಕೆಳಗೆ ಒಂದು ತೂತು, ಆ ತೂತಿನಲ್ಲಿ ಹಾದುಹೋಗುವ ಹಿತ್ತಾಳೆ ಸರಳು. ಮಳೆಗಾಲದಲ್ಲಿ ಡ್ರಾಯರ್ ಉಬ್ಬಿ ಹೊರಗೇ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೇ ಬರೆದ ಒಂದು ಕಾರ್ಡು. "ಮನಮಂಥನ", ಮನೋರೋಗಗಳ ಬಗ್ಗೆ ಇರುವ ಪುಸ್ತಕ. ಡಾ. ಶಿವರಾಂ ಬರೆದದ್ದು. 1976ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಾನು "ಶಿವರಾಮ" ಅಂತ ನೋಡಿದ ಕೂಡಲೇ ಕಾರ್ಡಿನ ಮೇಲೆ "ಕಾರಂತ" ಅಂತ ಬರೆದು ಕ ಅಕ್ಷರದ ಡ್ರಾಯರಿಗೆ ಹಾಕಿಬಿಟ್ಟೆ. ಇನಿಶಿಯಲ್ ನೋಡಲೇ ಇಲ್ಲ.

ಮನಶ್ಶಾಸ್ತ್ರ ಓದುತ್ತಿದ್ದ ಒಬ್ಬಳು ಹುಡುಗಿ ಎರಡು ವಾರ ಆ ಪುಸ್ತಕ ಹುಡುಕಿದಳು. ಶ ಡ್ರಾಯರಿನಲ್ಲಿ ಕಾರ್ಡ್ ಇಲ್ಲ. ಪುಸ್ತಕವೇ ಇಲ್ಲ ಅಂತ ನಾನೇ ಹೇಳಿ ಕಳಿಸಿದೆ. ಅವಳ ಪರೀಕ್ಷೆ ಮುಗಿದ ಮೇಲೆ ಕಾರ್ಡ್ ಸಿಕ್ಕಿತು. ಇವತ್ತಿಗೂ ಅದನ್ನು ನೆನೆದರೆ ಬೇಸರ ಆಗುತ್ತದೆ. ಆಮೇಲೆ ಯಾವ ಹೆಸರನ್ನೂ ನಾನು ಇನಿಶಿಯಲ್ ಬಿಡಿಸದೆ ಬರೆದದ್ದಿಲ್ಲ.

ನಮ್ಮ ಕಾರಂತರು ಕೋಟ ಶಿವರಾಮ ಕಾರಂತರು, 1902ರಲ್ಲಿ ಕೋಟದಲ್ಲಿ ಹುಟ್ಟಿದವರು. "ಕೆ" ಅಂದರೆ ಕೋಟ. ಅವರಿಗೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, 1959ರಲ್ಲಿ, "ಯಕ್ಷಗಾನ ಬಯಲಾಟ"ಕ್ಕೆ. ಇಲ್ಲಿ ಮೂರನೇ ಶಿವರಾಮ ಬರುತ್ತಾರೆ ನೋಡಿ. ಹೊನ್ನಾವರ ಕಡೆಯ ಕೆರೆಮನೆ ಶಿವರಾಮ ಹೆಗಡೆ. 1908ರಲ್ಲಿ ಹುಟ್ಟಿದವರು. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದವರು. ಒಬ್ಬ ಶಿವರಾಮ ಯಕ್ಷಗಾನದ ಬಗ್ಗೆ ಬರೆದರು, ಇನ್ನೊಬ್ಬ ಶಿವರಾಮ ಗೆಜ್ಜೆ ಕಟ್ಟಿ ಕುಣಿದರು. ಇವರ "ಕೆ"ಯೂ ಊರೇ, ಕೆರೆಮನೆ. ಬರೀ "ಕೆ. ಶಿವರಾಮ" ಅಂತ ಬರೆದರೆ ಯಾರೆಂದು ತಿಳಿಯಬೇಕು ಹೇಳಿ?

ನಾಲ್ಕನೆಯವರು ಸಿನಿಮಾದವರು. 2021ರ ಡಿಸೆಂಬರ್‌ನಲ್ಲಿ ತೀರಿಕೊಂಡ ನಟ ಶಿವರಾಂ, ಎಲ್ಲರ ಶಿವರಾಮಣ್ಣ.

ಗುರುದತ್, ಪ್ರಕಾಶ್, ದೀಪಿಕಾ ಮೂವರೂ ಪಡುಕೋಣೆಯವರು. ಒಂದೇ ಮನೆಯವರಾ? – ಕಾಲೇಜು ವಿದ್ಯಾರ್ಥಿನಿ, ಕುಂದಾಪುರ

ಪ್ರಕಾಶ್ ಮತ್ತು ದೀಪಿಕಾ ಅಪ್ಪ ಮಗಳು. ಪ್ರಕಾಶ್ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದವರು. ಗುರುದತ್ ಅವರ ಹುಟ್ಟು ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಪಡುಕೋಣೆ ನಿಮ್ಮ ಪಕ್ಕದ ಊರೇ ಅಲ್ವಾ ಮಗಾ? ಊರು ಬಿಟ್ಟು ಹೋದವರು ಊರ ಹೆಸರನ್ನು ಜೊತೆಗೆ ಒಯ್ದರು. ಊರು ಒಂದಾದ ಮಾತ್ರಕ್ಕೆ ಮನೆ ಒಂದು ಅಂತ ಹೇಳಲಿಕ್ಕಾಗುವುದಿಲ್ಲ.

ಕೆಲವು ಸಲ ಮನೆಯೂ ಒಂದೇ ಆಗಿರುತ್ತದೆ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬೆನಗಲ್ ರಾಮ ರಾವ್, ಪತ್ರಕರ್ತ ಬೆನಗಲ್ ಶಿವರಾವ್. ಮೂವರೂ ಸ್ವಂತ ಅಣ್ಣ ತಮ್ಮಂದಿರು. ಅದಕ್ಕೇ ಹೇಳುವುದು, ಸುಮ್ನೆ ಊಹೆ ಮಾಡಬಾರದು. ಒಂದೊಂದು ಹೆಸರನ್ನೂ ಬೇರೆ ಬೇರೆ ಹುಡುಕಬೇಕು.

ಜಾರ್ಜ್ ಫರ್ನಾಂಡಿಸ್‌ಗೆ ಇಂಗ್ಲೆಂಡಿನ ರಾಜನ ಹೆಸರಿಟ್ಟದ್ದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಹೌದಾ? – ಓದುಗರು, ಬಿಜೈ

ಹೌದು, ನಿಮ್ಮ ಅಜ್ಜಿ ಸರಿಯಾಗಿಯೇ ಹೇಳಿದ್ದಾರೆ. ಅವರ ತಾಯಿಗೆ ಐದನೇ ಜಾರ್ಜ್ ಅಂದರೆ ತುಂಬ ಅಭಿಮಾನ. ರಾಜ ಹುಟ್ಟಿದ್ದು 1865ರ ಜೂನ್ 3ರಂದು. ಮಗ ಹುಟ್ಟಿದ್ದು ಮಂಗಳೂರಿನಲ್ಲಿ, 1930ರ ಅದೇ ಜೂನ್ 3ರಂದು. ರಾಜನ ಹೆಸರು ಹೊತ್ತ ಹುಡುಗ ಕಾರ್ಮಿಕರ ನಾಯಕನಾದ. 1974ರ ರೈಲ್ವೆ ಮುಷ್ಕರ ನಡೆಸಿದ. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಿಂದ ಗೆದ್ದ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು ಅವರು ರೈಲ್ವೆ ಮಂತ್ರಿಯಾಗಿದ್ದ 1990ರಲ್ಲಿ. ಉಡುಪಿಯಿಂದ ಮುಂಬೈಗೆ ರೈಲಿನಲ್ಲಿ ಹೋಗುವ ನಾವೆಲ್ಲ ಅದನ್ನು ನೆನೆಯಬೇಕು.

ಮಂಗಳೂರಿನ ಕೆ.ಎಸ್. ರಾವ್ ರಸ್ತೆಯ ಕೆ.ಎಸ್. ರಾವ್ ಯಾರು? ಕಾರ್ನಾಡ್ ಅಂತ ಒಬ್ಬರು ಹೇಳಿದರು. ನಾಟಕದ ಕಾರ್ನಾಡರಾ? – ಓದುಗರು, ಸುರತ್ಕಲ್

ಅಲ್ಲ. ಕಾರ್ನಾಡ್ ಸದಾಶಿವ ರಾವ್. 1881ರಲ್ಲಿ ಹುಟ್ಟಿದವರು, ಮಂಗಳೂರಿನ ವಕೀಲರು. ಇದ್ದದ್ದನ್ನೆಲ್ಲ ಸ್ವಾತಂತ್ರ್ಯ ಚಳವಳಿಗೆ ಕೊಟ್ಟು 1937ರಲ್ಲಿ ತೀರಿಕೊಂಡರು. ಗಿರೀಶ ಕಾರ್ನಾಡರು ಹುಟ್ಟಿದ್ದು ಅದರ ಮರುವರ್ಷ, 1938ರಲ್ಲಿ. ಬೆಂಗಳೂರಿನ ಸದಾಶಿವನಗರ ಕೂಡ ಸದಾಶಿವ ರಾಯರ ಹೆಸರಿನದೇ.

ಬೆಂಗಳೂರಿನವರ ಬಾಯಲ್ಲಿ ಅವರ ಹೆಸರು ಉಳಿದಿದೆ. ನಮ್ಮೂರಲ್ಲಿ ಎರಡು ಅಕ್ಷರ ಮಾತ್ರ ಉಳಿದಿದೆ. ನನಗೆ ಇದು ನೋವಿನ ವಿಷಯ. ಹಂಪನಕಟ್ಟೆಯಲ್ಲಿ ರಿಕ್ಷಾ ಹತ್ತಿದಾಗ ನಾನು "ಕಾರ್ನಾಡ್ ಸದಾಶಿವ ರಾವ್ ರಸ್ತೆ" ಅಂತ ಪೂರ್ತಿ ಹೇಳುತ್ತೇನೆ. ಜಾಸ್ತಿ ಸಲ ರಿಕ್ಷಾದವರು ತಿರುಗಿ "ಅದು ಎಲ್ಲಿ ಬರ್ತದೆ ಅಮ್ಮ?" ಅಂತ ಕೇಳುತ್ತಾರೆ. ಕೆ.ಎಸ್. ರಾವ್ ರೋಡ್ ಅಂತ ಹೇಳಿ, ಇಳಿಯುವವರೆಗೆ ಅವರ ಕಥೆ ಹೇಳುತ್ತೇನೆ.