ಹೊಲದ ಮೂಲೆಯಲ್ಲಿ ಬಿಟ್ಟ ತೆನೆ

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಮನೆಯ ಪ್ರಾರ್ಥನಾಕೂಟದಲ್ಲಿ ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯಕ್ಕೆ, ಅಂದರೆ ಹಬ್ಬಗಳ ಪಟ್ಟಿಗೆ, ಬಂದಾಗ, ‘ಯೆಹೂದ್ಯರ ಹಬ್ಬಗಳೆಲ್ಲ ಕ್ರಿಸ್ತನಲ್ಲಿ ನೆರವೇರಿದವು, ಮುಂದಕ್ಕೆ ಹೋಗೋಣ’ ಎಂದು ಹಿರಿಯರೊಬ್ಬರು ಪುಟ ತಿರುವಿಸಿದರಂತೆ. ಹಾಗಾದರೆ ಈ ಹಬ್ಬಗಳಲ್ಲಿ ನಮಗೇನೂ ಇಲ್ಲವೇ, ಐಗುಪ್ತದ ದಾಸತ್ವದಿಂದಾದ ಬಿಡುಗಡೆಯನ್ನು ಯೆಹೂದ್ಯರು ನೆನೆಯುವ ಪಸ್ಕದ ಊಟವನ್ನು ಬರುವ ವರ್ಷ ನಮ್ಮ ಮನೆಯಲ್ಲೇ ಮಾಡಬಹುದೇ ಎಂದು ಕೇಳಿದ್ದೀರಿ.

ಹಿರಿಯರ ಮಾತು ಆಧಾರವಿಲ್ಲದ್ದಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳನ್ನು ಛಾಯೆ ಎಂದೇ ಕರೆಯುತ್ತದೆ. ಆದರೆ ನೆರಳು ಯಾರದೆಂದು ಗುರುತು ಹಿಡಿಯಬೇಕಾದರೆ ಅದನ್ನು ಕಣ್ಣಿಟ್ಟು ನೋಡಬೇಕಲ್ಲವೇ? ಯೇಸು ಇದೇ ಪಟ್ಟಿಯಲ್ಲಿರುವ ಪರ್ಣಶಾಲೆಗಳ ಹಬ್ಬಕ್ಕೆ ಯೆರೂಸಲೇಮಿಗೆ ಹೋದದ್ದನ್ನು ಯೋಹಾನನ 7ನೇ ಅಧ್ಯಾಯದಲ್ಲಿ ಓದುತ್ತೇವೆ. ಅವನು ಹೋದ ಹಬ್ಬವನ್ನು ನಾವು ದಾಟಿಕೊಂಡು ಹೋಗುವುದು ನನಗೆ ಸರಿಕಾಣುವುದಿಲ್ಲ.

ಆ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಪಸ್ಕ, ಹುಳಿಯಿಲ್ಲದ ರೊಟ್ಟಿ, ಸುಗ್ಗಿಯ ಮೊದಲ ಸಿವುಡು (ತೆನೆಯ ಕಟ್ಟು), ಏಳು ವಾರ ಎಣಿಸಿ 50ನೇ ದಿನದ ಹಬ್ಬ. ಹೀಗೆ ಹಿಟ್ಟು, ಎಣ್ಣೆ, ಕುರಿಗಳ ಲೆಕ್ಕದಲ್ಲಿ ಸಾಗುವ ಬರಹ 22ನೇ ವಚನದಲ್ಲಿ ಥಟ್ಟನೆ ಹೊಲಕ್ಕೆ ಇಳಿಯುತ್ತದೆ: ಮೂಲೆಮೂಲೆಯನ್ನೂ ಕೊಯ್ಯಬೇಡಿ, ಹಕ್ಕಲಾಯಬೇಡಿ (ಕೊಯ್ಲಿನಲ್ಲಿ ಉದುರಿದ ತೆನೆ ಆರಿಸಬೇಡಿ), ಅದನ್ನು ಬಡವರಿಗೂ ಪರದೇಶದವರಿಗೂ ಬಿಡಿ. ಮರುಕ್ಷಣವೇ ಮತ್ತೆ ಹಬ್ಬಗಳ ಮಾತು. ಇದೇ ಆಜ್ಞೆ 19ನೇ ಅಧ್ಯಾಯದಲ್ಲಿ ಆಗಲೇ ಬಂದಿತ್ತು. ಹಬ್ಬಗಳ ಪಟ್ಟಿಯ ನಡುವೆ ಅದನ್ನು ಮತ್ತೆ ತಂದಿಟ್ಟದ್ದೇಕೆ? ನನಗೆ ತಿಳಿಯುವುದಿಷ್ಟು: ಹೊಲದ ಮೂಲೆಯನ್ನು ಬೋಳು ಮಾಡಿ ಬಂದವನ ಸಿವುಡು ದೇವರಿಗೆ ಬೇಡ.

ಯೆಹೂದ್ಯರು ಈ ವಚನವನ್ನು ಬರೀ ಓದಿ ಬಿಡಲಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ ಅವರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ‘ಪೇಯಾ’, ಅಂದರೆ ‘ಮೂಲೆ’, ಎಂಬ ಭಾಗವೇ ಇದೆ. ಬೆಳೆಯ 60ರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿಡಬಾರದು. ಹೊಲ ಎಷ್ಟು ದೊಡ್ಡದು, ಬಡವರು ಎಷ್ಟು ಮಂದಿ, ಬೆಳೆ ಹೇಗೆ ಬಂದಿದೆ ಎಂಬುದನ್ನೆಲ್ಲ ನೋಡಿ ಬಿಡಬೇಕು. ಆ 50ನೇ ದಿನದ ಹಬ್ಬಕ್ಕೆ ಅವರ ಅನೇಕ ಸಭಾಮಂದಿರಗಳಲ್ಲಿ ಇಂದಿಗೂ ರೂತಳ ಪುಸ್ತಕ ಓದುತ್ತಾರೆ. ಮೋವಾಬಿನಿಂದ ಬಂದ ಪರದೇಶದ ವಿಧವೆ, ಜವೆಗೋದಿಯ ಸುಗ್ಗಿಯಿಂದ ಗೋದಿಯ ಸುಗ್ಗಿ ಮುಗಿಯುವ ತನಕ ಹಕ್ಕಲಾಯ್ದು ಅತ್ತೆಯನ್ನು ಸಾಕಿದವಳು. ಹಬ್ಬದ ಎಣಿಕೆ ನಡೆಯುವುದೂ ಆ ಸುಗ್ಗಿಯ ವಾರಗಳಲ್ಲೇ.

ನಮ್ಮ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಹೊಸ ತೆನೆಯನ್ನು ಆಶೀರ್ವಾದ ಮಾಡಿಸಿ ಮನೆಗೆ ತಂದು ಹೊಸ ಅಕ್ಕಿ ಉಣ್ಣುತ್ತಾರೆ. ಮೊದಲ ಸಿವುಡಿನ ಮಾತು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಸ್ಕದ ಊಟದ ವಿಷಯ. ನನ್ನ ಸಲಹೆ, ಬೇಡ. ಯೆಹೂದ್ಯರು ಪಸ್ಕದ ರಾತ್ರಿ ಮಾಡುವ ಈಗಿನ ಸೇದೆರ್ ಊಟದ ಕ್ರಮ ಹೆಚ್ಚಾಗಿ ರೂಪುಗೊಂಡದ್ದು ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಮೇಲೆ, ರಬ್ಬಿಗಳ, ಅಂದರೆ ಯೆಹೂದ್ಯ ಧರ್ಮಗುರುಗಳ, ಕಾಲದಲ್ಲಿ. ಮೇಲಂತಸ್ತಿನಲ್ಲಿ ಯೇಸು ಶಿಷ್ಯರೊಂದಿಗೆ ಮಾಡಿದ ಕಡೆಯ ಊಟ ಹೀಗೆಯೇ ಇತ್ತು ಎನ್ನಲಾಗದು. ಅಲ್ಲದೆ ಅದೇ ಪಸ್ಕದ ದಿನಗಳಲ್ಲಿ ಯುರೋಪಿನ ಕ್ರೈಸ್ತರು ಸುಳ್ಳು ಅಪವಾದ ಹೊರಿಸಿ ಯೆಹೂದ್ಯರನ್ನು ಕೊಂದ ಚರಿತ್ರೆಯಿದೆ. ಅವರ ಪವಿತ್ರ ರಾತ್ರಿಯನ್ನು ನಾವು ಅಭಿನಯಿಸಬಾರದು. ಯೆಹೂದ್ಯ ಮನೆಯವರು ಕರೆದರೆ ಸಂತೋಷದಿಂದ ಹೋಗಿ, ಕೂತು ಕೇಳಿಸಿಕೊಳ್ಳಿ. ಐಗುಪ್ತದ ಹತ್ತು ಬಾಧೆಗಳ ಹೆಸರು ಹೇಳುವಾಗ ಒಂದೊಂದಕ್ಕೂ ಬೆರಳದ್ದಿ ಬಟ್ಟಲಿನಿಂದ ಒಂದು ಹನಿ ದ್ರಾಕ್ಷಾರಸ ತೆಗೆದಿಡುತ್ತಾರೆ. ತಮ್ಮ ಬಿಡುಗಡೆಗಾಗಿ ಐಗುಪ್ತದವರು ಸತ್ತರಲ್ಲ, ಆದ್ದರಿಂದ ಸಂತೋಷದ ಬಟ್ಟಲು ಅಷ್ಟು ಕಡಿಮೆಯಾಗಬೇಕು ಎಂದು ಅದಕ್ಕೊಂದು ವಿವರಣೆಯುಂಟು. ಅದನ್ನು ತಿಳಿದ ಮೇಲೆ ವಿಮೋಚನಕಾಂಡವನ್ನು ನಾನು ಮೊದಲಿನಂತೆ ಓದಿಲ್ಲ.

ಎಲ್ಲಿಂದ ಶುರುಮಾಡಲಿ ಎಂದಿದ್ದೀರಿ. ಮುಂದಿನ ಕೂಟದಲ್ಲಿ ರೂತಳು 2ನೇ ಅಧ್ಯಾಯ ಓದಿ. ಸಿವುಡುಗಳಿಂದ ಬೇಕೆಂದೇ ತೆನೆ ಎಳೆದು ಹಾಕಿ, ಅವಳನ್ನು ಗದರಿಸಬೇಡಿ ಎಂದು ಹೊಲದ ಒಡೆಯ ಬೋವಜ ಆಳುಗಳಿಗೆ ಹೇಳುವ ಕಡೆ ಸ್ವಲ್ಪ ನಿಲ್ಲಿ. ಆಮೇಲೆ ಯಾಜಕಕಾಂಡಕ್ಕೆ ಮರಳಿ, 22ನೇ ವಚನವನ್ನು ಗಟ್ಟಿಯಾಗಿ ಓದಲು ಆ ಹಿರಿಯರನ್ನೇ ಕೇಳಿಕೊಳ್ಳಿ.

– ಸಂಪಾದಕ